ಹುಟ್ಟುಗುಣ, ಖುಷಿ, ಯಶಸ್ಸು: ನಮ್ಮ ಬಗ್ಗೆ ನಾವು ಹಾಕುವ ಲೆಕ್ಕ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಯಾವ ಊರಿಗೆ ಹೋದರೂ ಇಂಥದ್ದೊಂದು ಕಾಣುತ್ತದೆ. 625ಕ್ಕೆ 617 ತೆಗೆದ ಹುಡುಗಿ ರೂಮಿನ ಬಾಗಿಲು ಹಾಕಿಕೊಂಡು ಅಳುತ್ತಿರುತ್ತಾಳೆ. ಗೆಳತಿಗೆ 620 ಬಂದಿದೆಯಂತೆ. ಅದೇ ಬೀದಿಯಲ್ಲಿ, ಗಣಿತದಲ್ಲಿ ಡುಮ್ಕಿ ಗ್ಯಾರಂಟಿ ಅಂದುಕೊಂಡಿದ್ದ ಹುಡುಗ 340 ತೆಗೆದು ಪಾಸಾಗಿ ಮನೆಮನೆಗೂ ಪೇಡ ಹಂಚುತ್ತಿರುತ್ತಾನೆ. ಯಾರು ಗೆದ್ದರು ಅಂತ ಕೇಳಿದರೆ ಉತ್ತರ ಸುಲಭ. ಯಾರು ಖುಷಿಯಾಗಿದ್ದಾರೆ ಅಂತ ಕೇಳಿದರೂ ಸುಲಭವೇ. ಆದರೆ ಎರಡಕ್ಕೂ ಉತ್ತರ ಒಂದೇ ಅಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಟೀವಿ ದೃಶ್ಯಗಳನ್ನು ಅಮೆರಿಕದ ಮೂವರು ಮನೋವಿಜ್ಞಾನಿಗಳು, ವಿಕ್ಟೋರಿಯಾ ಮೆಡ್ವೆಕ್, ಸ್ಕಾಟ್ ಮೇಡಿ ಮತ್ತು ಥಾಮಸ್ ಗಿಲೋವಿಚ್, ಕೂಡಿಹಾಕಿದರು. ಸ್ಪರ್ಧೆ ಮುಗಿದ ಕ್ಷಣದಲ್ಲಿ ಬೆಳ್ಳಿ ಗೆದ್ದವರ ಮುಖ, ಕಂಚು ಗೆದ್ದವರ ಮುಖ. ಯಾರಿಗೆ ಯಾವ ಪದಕ ಅಂತ ಹೇಳದೆ ಬೇರೆಯವರಿಗೆ ತೋರಿಸಿ, ಈ ಮುಖದಲ್ಲಿ ಎಷ್ಟು ಖುಷಿ ಇದೆ, ಹತ್ತಕ್ಕೆ ಅಂಕ ಕೊಡಿ ಅಂದರು. ಕಂಚಿನವರಿಗೆ ಸರಾಸರಿ 7.1 ಬಂತು. ಬೆಳ್ಳಿಯವರಿಗೆ ಬರೀ 4.8. ಎರಡನೇ ಸ್ಥಾನಕ್ಕಿಂತ ಮೂರನೇ ಸ್ಥಾನವೇ ಜಾಸ್ತಿ ಖುಷಿ ಕೊಟ್ಟಿತ್ತು! ಬೆಳ್ಳಿಯವರು ನೋಡುತ್ತಿದ್ದುದು ಮೇಲಕ್ಕೆ, ಕೈತಪ್ಪಿದ ಚಿನ್ನದ ಕಡೆಗೆ. ಕಂಚಿನವರು ನೋಡಿದ್ದು ಕೆಳಕ್ಕೆ, ಸ್ವಲ್ಪದರಲ್ಲಿ ತಪ್ಪಿದ ನಾಲ್ಕನೇ ಸ್ಥಾನದ ಕಡೆಗೆ. ನಾಲ್ಕನೇ ಸ್ಥಾನ ಅಂದರೆ ಏನು ಅನ್ನೋದು ನಮಗೆ ಹೊಸದಲ್ಲ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ.

ಅಂದರೆ ಗಳಿಸಿದ್ದು ಎಷ್ಟು ಅನ್ನೋದಷ್ಟೇ ಸಾಲದು. ಗಳಿಸಿದವರ ಸ್ವಭಾವ ಎಂಥದ್ದು, ಅವರು ತಮ್ಮನ್ನು ಯಾವ ಅಳತೆಗೋಲಿನಿಂದ ಅಳೆದುಕೊಳ್ಳುತ್ತಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ಸ್ವಭಾವಕ್ಕೆ ಐದು ಅಳತೆ

ಸ್ವಭಾವವನ್ನು ಅಳೆಯೋದು ಹೇಗೆ? 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇದಕ್ಕೆ ನಿಘಂಟನ್ನೇ ತೆರೆದು ಕೂತರು. ಮನುಷ್ಯರಿಗೆ ಮುಖ್ಯ ಅನ್ನಿಸಿದ ಗುಣಕ್ಕೆಲ್ಲ ಭಾಷೆಯಲ್ಲಿ ಒಂದು ಹೆಸರು ಹುಟ್ಟಿಯೇ ಇರುತ್ತದೆ ಅನ್ನೋದು ಅವರ ತರ್ಕ. ನಮ್ಮಲ್ಲೂ ನೋಡಿ: ಜಿಪುಣ, ಮುಂಗೋಪಿ, ಹಸನ್ಮುಖಿ, ಅಂಜುಬುರುಕ, ಮಾತಿನ ಮಲ್ಲ, ಮೈಗಳ್ಳ. ಇಂಗ್ಲಿಷ್ ನಿಘಂಟಿನಲ್ಲಿ ಅವರಿಗೆ ಸಿಕ್ಕಿದ್ದು ಹತ್ತಿರ ಹತ್ತಿರ 18,000 ಪದ. ಮುಂದಿನ ದಶಕಗಳಲ್ಲಿ ಬೇರೆ ಬೇರೆ ಸಂಶೋಧಕರು ಯಾವ ಗುಣ ಯಾವುದರ ಜೊತೆ ಬರುತ್ತದೆ ಅಂತ ಲೆಕ್ಕ ಹಾಕುತ್ತಾ ಹೋದರು. ಪದಗಳ ಆ ರಾಶಿ ಕೊನೆಗೆ ಐದು ಗುಂಪಿಗೆ ಬಂದು ನಿಂತಿತು. 1980ರ ದಶಕದ ಹೊತ್ತಿಗೆ ಅದಕ್ಕೆ ‘ಬಿಗ್ ಫೈವ್’ ಅಂತ ಹೆಸರೂ ಬಿತ್ತು.

(ಹೀಗೆ ಗುಂಪು ಮಾಡುವ ಗಣಿತದ ಮೂಲ ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ಅವರ ಬಳಿ ಕಲಿತು ಬಂದವರೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ. ಹೌದು, 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಅನ್ನುವ ಖಾಸಗಿ ರೇಡಿಯೊ ಕೇಂದ್ರ ಶುರು ಮಾಡಿದ ಅದೇ ಗೋಪಾಲಸ್ವಾಮಿ.)

ಆ ಐದು ಯಾವುವು? ಹೊಸ ವಿಚಾರ, ಹೊಸ ಅನುಭವಗಳ ಕಡೆ ಕುತೂಹಲ. ಹಿಡಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ, ಅಚ್ಚುಕಟ್ಟಾಗಿ ಮುಗಿಸುವ ಶಿಸ್ತು. ಜನರ ಜೊತೆ ಬೆರೆಯುವ ಹುರುಪು, ಅಂದರೆ ಬಹಿರ್ಮುಖತೆ. ಇನ್ನೊಬ್ಬರಿಗೆ ಹೊಂದಿಕೊಳ್ಳುವ ಮೃದುತನ. ಕೊನೆಯದು ಕಳವಳ: ಬೇಗ ಆತಂಕಪಡುವ, ಬೇಸರ ಮಾಡಿಕೊಳ್ಳುವ, ಸಣ್ಣದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಗುಣ. ಐದೂ ಎಲ್ಲರಲ್ಲೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ. ಎತ್ತರದ ವಿಷಯದಲ್ಲಿ ಹೇಗೋ ಹಾಗೆ ಇಲ್ಲೂ ಬಹಳ ಜನ ನಡುವಿನಲ್ಲೇ ಇರುತ್ತಾರೆ. ಅಂತರ್ಮುಖಿಯೋ ಬಹಿರ್ಮುಖಿಯೋ ಅನ್ನುವಂತೆ ಎರಡರಲ್ಲಿ ಒಂದನ್ನು ಆರಿಸಿ ಅಕ್ಷರ ಕೊಡುವ ಮೈಯರ್ಸ್-ಬ್ರಿಗ್ಸ್ ಮಾದರಿಯ ಪರೀಕ್ಷೆಯನ್ನು ಆನ್‌ಲೈನ್‌ನಲ್ಲಿ ಬರೆದು, ‘ನಾನು ಐಎನ್‌ಎಫ್‌ಜೆ’ ಅಂತ ನಾಲ್ಕಕ್ಷರ ಹಚ್ಚಿಕೊಂಡು ಓಡಾಡುವವರು ಇದನ್ನು ಗಮನಿಸಬೇಕು. ನಡುವಿನಲ್ಲಿರುವವರನ್ನು ಎರಡು ಡಬ್ಬಿಗಳಲ್ಲಿ ಒಂದಕ್ಕೆ ತುರುಕಿದರೆ, ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಬರೆದಾಗ ಅಕ್ಷರವೇ ಬದಲಾಗಿಬಿಡುತ್ತದೆ. ಸುಮ್ನೆ ಮಜಾಕ್ಕೆ ಬರೆಯಿರಿ. ಮದುವೆ, ನೌಕರಿಯನ್ನೆಲ್ಲ ಅದರ ಮೇಲೆ ತೀರ್ಮಾನ ಮಾಡಬೇಡಿ.

ಈ ಐದರಲ್ಲಿ ಯಶಸ್ಸು ತರುವ ಗುಣ ಒಂದು, ಖುಷಿ ತರುವ ಗುಣ ಇನ್ನೊಂದು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ.

ಕೆಲಸದ ಮಟ್ಟಿಗೆ ಶಿಸ್ತೇ ಮುಂದು. 1991ರಲ್ಲಿ ಮರ್ರೆ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪೊಲೀಸರು, ಮ್ಯಾನೇಜರ್‌ಗಳು, ಸೇಲ್ಸ್‌ನವರು, ಕೈಕೆಲಸದವರು, ಹೀಗೆ ಯಾವ ವೃತ್ತಿಯಲ್ಲಾದರೂ ಕೆಲಸ ಚೆನ್ನಾಗಿ ಮಾಡುವವರಲ್ಲಿ ಸಾಮಾನ್ಯವಾಗಿ ಕಂಡ ಗುಣ ಇದೊಂದೇ. ಬಹಿರ್ಮುಖತೆ ನೆರವಿಗೆ ಬಂದದ್ದು ಸೇಲ್ಸ್, ಮ್ಯಾನೇಜ್‌ಮೆಂಟಿನಂಥ ಜನರ ಜೊತೆಗಿನ ಕೆಲಸಗಳಲ್ಲಿ ಮಾತ್ರ. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ವಿಜ್ಞಾನಿಗಳು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಚಿಕ್ಕಂದಿನಲ್ಲಿ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲವರಾಗಿದ್ದ ಮಕ್ಕಳು, 32 ವರ್ಷ ಆಗುವಾಗ ಆರೋಗ್ಯ, ಹಣಕಾಸು ಎರಡರಲ್ಲೂ ಮುಂದಿದ್ದರು. ಮನೆಯ ಸ್ಥಿತಿಗತಿ, ಬುದ್ಧಿಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು.

ಖುಷಿಯ ಕತೆ ಬೇರೆ. ಅದರಲ್ಲಿ ಬಹಿರ್ಮುಖತೆ ಮತ್ತು ಕಳವಳಗಳ ಪಾಲು ದೊಡ್ಡದು ಅಂತ 1980ರಲ್ಲೇ ಪಾಲ್ ಕಾಸ್ಟಾ ಮತ್ತು ರಾಬರ್ಟ್ ಮೆಕ್ರೆ ತೋರಿಸಿದ್ದರು. ಬಹಿರ್ಮುಖಿಗಳಿಗೆ ಸಂತೋಷದ ಗಳಿಗೆಗಳು ಜಾಸ್ತಿ. ಕಳವಳದವರಿಗೆ ಸಂಕಟದ ಗಳಿಗೆಗಳು ಜಾಸ್ತಿ. ಇವೆರಡೂ ಬೇರೆ ಬೇರೆ ಖಾತೆ. ಒಂದರಲ್ಲಿ ಕಳೆದರೆ ಇನ್ನೊಂದಕ್ಕೆ ತಾನಾಗಿ ಜಮಾ ಆಗೋದಿಲ್ಲ. ಆತಂಕ ಕಮ್ಮಿ ಇರುವ ಮನುಷ್ಯ ನಗುನಗುತ್ತಾ ಇರಬೇಕು ಅಂತೇನಿಲ್ಲ. ನಗುನಗುತ್ತಾ ಇರುವವರು ರಾತ್ರಿ ನಿದ್ದೆಗೆಟ್ಟು ಹೊರಳಾಡಲೂಬಹುದು.

ಈಗ ಶಿಸ್ತೂ ಜಾಸ್ತಿ, ಕಳವಳವೂ ಜಾಸ್ತಿ ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಫೈಲು ಒಂದು ದಿನ ತಡ ಆಗಿದ್ದಿಲ್ಲ. ಪ್ರಮೋಷನ್ ತಪ್ಪಿದ್ದಿಲ್ಲ. ಸೈಟು, ಮನೆ, ಮಕ್ಕಳ ಓದು ಎಲ್ಲಾ ಆಗಿದೆ. ಆದರೂ ಗೇಟಿಗೆ ಬೀಗ ಹಾಕಿದ್ದೀನಾ ಅಂತ ಮೂರು ಸಲ ಎದ್ದು ನೋಡುತ್ತಾರೆ. ನಿಮ್ಮ ನೆಂಟರಲ್ಲೇ ಇಂಥವರು ಸಿಗಬಹುದು, ಅಲ್ವಾ? ‘ಎಲ್ಲಾ ಇದ್ದೂ ಯಾಕೆ ಹೀಗಾಡ್ತಾರೆ’ ಅಂತ ಮನೆಯವರಿಗೆ ಆಶ್ಚರ್ಯ. ಅವರನ್ನು ಮೇಲೆ ತಂದ ಗುಣಕ್ಕೂ ನೆಮ್ಮದಿ ಕೊಡುವ ಗುಣಕ್ಕೂ ಸಂಬಂಧ ಕಮ್ಮಿ ಅಂತ ಗೊತ್ತಿದ್ದರೆ ಅಷ್ಟು ಆಶ್ಚರ್ಯ ಆಗೋದಿಲ್ಲ.

ಹಾಗಾದರೆ ಎಲ್ಲರೂ ಬಹಿರ್ಮುಖಿಗಳಾಗಿಬಿಟ್ಟರೆ ಆಯಿತಲ್ಲ? ಅದನ್ನೂ ಪರೀಕ್ಷಿಸಿದ್ದಾರೆ. ಮಾತಾಡುತ್ತಾ, ಚುರುಕಾಗಿ ಇರುವ ಹೊತ್ತಿನಲ್ಲಿ ಅಂತರ್ಮುಖಿಗಳಿಗೂ ಹಿತ ಅನ್ನಿಸುತ್ತದೆ ಅಂತ ವಿಲಿಯಂ ಫ್ಲೀಸನ್ ಅವರ ಅಧ್ಯಯನ ಹೇಳಿತು. ಆದರೆ 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ವಾರ ಪೂರ್ತಿ ಹೀಗೆ ಇರಿ ಅಂತ ಜನರಿಗೆ ಹೇಳಿ ನೋಡಿದಾಗ, ಸ್ವಭಾವದಿಂದಲೇ ಒಳಮುಖಿಗಳಾದವರಿಗೆ ಲಾಭ ಅಷ್ಟಾಗಿ ಸಿಗಲಿಲ್ಲ. ಸುಸ್ತಾಯಿತು, ತಾವು ತಾವಾಗಿಲ್ಲ ಅನ್ನಿಸಿತು. ಮಗು ನಾಚಿಕೊಳ್ಳುತ್ತದೆ ಅಂತ ಪ್ರತಿ ಸಮಾರಂಭದಲ್ಲೂ ‘ಹೋಗು, ಒಂದು ಹಾಡು ಹೇಳು’ ಅಂತ ಸ್ಟೇಜಿಗೆ ತಳ್ಳುವ ದೊಡ್ಡವರು ಇದನ್ನು ಸ್ವಲ್ಪ ನೆನಪಿಡಲಿ.

ಸುಟ್ಟರೂ ಹೋಗದಾ?

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ. ಈ ಮಾತಿಗೆ ಅರ್ಧ ಅಂಕ ಕೊಡಬಹುದು.

1979ರಿಂದ ಅಮೆರಿಕದ ಮಿನ್ನೆಸೋಟದಲ್ಲಿ ಥಾಮಸ್ ಬೌಚಾರ್ಡ್ ಮತ್ತು ಸಂಗಡಿಗರು ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಹುಡುಕಿ ಹುಡುಕಿ ಪರೀಕ್ಷಿಸಿದರು. ಒಬ್ಬರನ್ನೊಬ್ಬರು ನೋಡದೆ ಬೆಳೆದಿದ್ದರೂ ತದ್ರೂಪಿ ಅವಳಿಗಳ ಸ್ವಭಾವ ಬಹಳಷ್ಟು ಹೋಲುತ್ತಿತ್ತು. ಇಂಥ ಅಧ್ಯಯನಗಳ ಪ್ರಕಾರ ಜನ ಜನರ ನಡುವೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು 40ರಿಂದ 50 ಪರ್ಸೆಂಟ್ ವಂಶವಾಹಿಗಳಿಂದ ಬಂದದ್ದು. ಹಾಗಂತ ನಿಮ್ಮ ಸಿಟ್ಟಿನಲ್ಲಿ ಅರ್ಧ ನಿಮ್ಮ ಅಪ್ಪನದು ಅಂತಲ್ಲ! ಇದು ಒಂದು ದೊಡ್ಡ ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ. ಒಬ್ಬ ವ್ಯಕ್ತಿಯನ್ನು ಹೀಗೆ ಪಾಲು ಮಾಡೋಕೆ ಬರೋದಿಲ್ಲ.

ಅದೇ ಗುಂಪಿನ ಡೇವಿಡ್ ಲಿಕ್ಕನ್ ಮತ್ತು ಆಕ್ ಟೆಲೆಗನ್ 1996ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಹೆಚ್ಚು ಖುಷಿಯಾಗಿರಲು ಹೆಣಗೋದು ಹೆಚ್ಚು ಎತ್ತರ ಆಗಲು ಹೆಣಗಿದಂತೆ, ಪ್ರಯೋಜನ ಇಲ್ಲ ಅನ್ನುವ ಅರ್ಥದ ಮಾತು ಬರೆದುಬಿಟ್ಟರು. ಪತ್ರಿಕೆಗಳಿಗೆ ಹಬ್ಬ. ಆಮೇಲೆ ಲಿಕ್ಕನ್ ಅವರೇ ಆ ಮಾತಿನಿಂದ ಹಿಂದೆ ಸರಿದರು. ಸ್ವಭಾವವನ್ನು ಜಮೀನಿನ ಮಣ್ಣು ಅಂದುಕೊಳ್ಳಿ. ಕಪ್ಪು ಮಣ್ಣಿಗೆ ಜೋಳ, ಹತ್ತಿ ಒಗ್ಗುತ್ತದೆ, ಕೆಂಪು ಮಣ್ಣಿಗೆ ರಾಗಿ. ಮಣ್ಣು ನಾವು ಕೇಳಿ ಪಡೆದದ್ದಲ್ಲ, ಆದರೆ ಏನು ಬಿತ್ತಬೇಕು, ಗೊಬ್ಬರ ಎಷ್ಟು ಹಾಕಬೇಕು ಅನ್ನೋದು ನಮ್ಮ ಕೈಲಿದೆ.

ಸ್ವಭಾವ ತಾನಾಗಿಯೂ ಬದಲಾಗುತ್ತದೆ. ಒಂದೇ ಜನರನ್ನು ವರ್ಷಗಟ್ಟಲೆ ಗಮನಿಸಿದ 92 ಅಧ್ಯಯನಗಳನ್ನು ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ ಒಟ್ಟಿಗೆ ನೋಡಿದರು. ಇಪ್ಪತ್ತರಿಂದ ನಲವತ್ತರೊಳಗೆ ಜನರಲ್ಲಿ ಶಿಸ್ತು ಹೆಚ್ಚುತ್ತದೆ, ಕಳವಳ ಇಳಿಯುತ್ತದೆ. ‘ಜವಾಬ್ದಾರಿ ಬಿದ್ರೆ ಸರಿಹೋಗ್ತಾನೆ ಬಿಡಿ’ ಅನ್ನುವ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ‘ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಅಂತ ಓದಿಕೊಂಡು ಯಾರದೋ ಮನೆಯ ಹೆಣ್ಣುಮಗಳನ್ನು ಈ ಪ್ರಯೋಗಕ್ಕೆ ಬಲಿ ಕೊಡುವ ಹಕ್ಕು ಯಾರಿಗೂ ಇಲ್ಲ.

ರಾಬರ್ಟ್ಸ್ ಅವರದೇ 2017ರ ಇನ್ನೊಂದು ಅವಲೋಕನ ಇನ್ನೂ ಕುತೂಹಲದ್ದು. ಆಪ್ತಸಮಾಲೋಚನೆ ಅಥವಾ ಚಿಕಿತ್ಸೆ ಪಡೆದವರಲ್ಲಿ ಕಳವಳದ ಗುಣವೇ ಗಮನಾರ್ಹವಾಗಿ ತಗ್ಗಿತ್ತು. ಅದಕ್ಕೆ ವರ್ಷಗಳು ಬೇಕಾಗಲಿಲ್ಲ, ಕೆಲವು ವಾರಗಳಲ್ಲೇ ಬದಲಾವಣೆ ಕಂಡಿತ್ತು. ನಮ್ಮಲ್ಲಿ ‘ಅವಳ ಸ್ವಭಾವಾನೇ ಹಾಗೆ, ಎಲ್ಲದಕ್ಕೂ ಹೆದರ್ತಾಳೆ’ ಅಂತ ತಳ್ಳಿಹಾಕುವ ಎಷ್ಟೋ ಸಂಕಟಗಳು ಸ್ವಭಾವವೇ ಅಲ್ಲ, ಚಿಕಿತ್ಸೆ ಇರುವ ಕಾಯಿಲೆಗಳು. ನಿದ್ದೆ, ಊಟ, ಕೆಲಸ ಏರುಪೇರಾಗಿ ವಾರಗಳಾದರೆ ಡಾಕ್ಟರನ್ನು ಕಾಣೋದೇ ಸರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ನಾನು ಗ್ರೇಟ್, ನನ್ನಿಂದ ಆಗುತ್ತೆ: ಎರಡೂ ಒಂದೇ ಅಲ್ಲ

ಇನ್ನು ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯ. ಅದನ್ನು ಏರಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ಒಂದು ಸರ್ಕಾರವೇ ನಂಬಿತ್ತು. 1986ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜಾನ್ ವಾಸ್ಕೊನ್ಸೆಲೋಸ್ ಅನ್ನುವ ಶಾಸಕರ ಒತ್ತಾಯದಿಂದ, ಜನರ ಸ್ವಾಭಿಮಾನ ಬೆಳೆಸೋದಕ್ಕೇ ಒಂದು ಕಾರ್ಯಪಡೆ ರಚನೆಯಾಯಿತು. ಅಪರಾಧ, ಕುಡಿತ, ಶಾಲೆ ಬಿಡೋದು ಎಲ್ಲದಕ್ಕೂ ಇದೇ ಲಸಿಕೆ ಅನ್ನುವ ಉತ್ಸಾಹ. 1990ರಲ್ಲಿ ಅದರ ವರದಿ ಬಂತು. ಶಾಲೆ ಶಾಲೆಗಳಲ್ಲಿ ‘ನೀನು ವಿಶೇಷ’ ಅನ್ನುವ ಪಾಠ ಶುರುವಾಯಿತು.

2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮೂವರು ಸಂಶೋಧಕರು ಅಲ್ಲಿಯವರೆಗಿನ ಪುರಾವೆಯನ್ನೆಲ್ಲ ಜರಡಿ ಹಿಡಿದರು. ತಮ್ಮ ಬಗ್ಗೆ ಒಳ್ಳೆ ಅಭಿಪ್ರಾಯ ಇರುವವರು ಹೆಚ್ಚು ಖುಷಿಯಾಗಿರುತ್ತಾರೆ, ಅದು ನಿಜ. ಆದರೆ ಅದರಿಂದ ಮಾರ್ಕ್ಸ್ ಏರುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಚೆನ್ನಾಗಿ ಓದಿ ಮಾರ್ಕ್ಸ್ ಬಂದದ್ದರಿಂದ ಅಭಿಮಾನ ಹುಟ್ಟಿದ್ದೇ ಜಾಸ್ತಿ. ಗಾಡಿ ಮುಂದೆ, ಎತ್ತು ಹಿಂದೆ ಕಟ್ಟಿದಂತಾಗಿತ್ತು.

ಕೆಲಸಕ್ಕೆ ಬರುವ ನಂಬಿಕೆ ಬೇರೆಯದು. 1977ರಲ್ಲಿ ಆಲ್ಬರ್ಟ್ ಬಂಡೂರಾ ಅದನ್ನು ವಿವರಿಸಿದರು. ‘ನಾನು ದೊಡ್ಡವನು’ ಅನ್ನೋದಲ್ಲ, ‘ಈ ಒಂದು ಕೆಲಸ ನನ್ನಿಂದ ಆಗುತ್ತದೆ’ ಅನ್ನೋದು. ಅವರ ಪ್ರಯೋಗಕ್ಕೆ ಬಂದವರು ಹಾವು ಅಂದರೆ ಸಾಯುವಷ್ಟು ಹೆದರುವವರು. ಹೆದರಿಕೆ ಎಷ್ಟೆಂದರೆ ತೋಟದ ಕೆಲಸ, ಬೆಟ್ಟ ಹತ್ತೋದು ಎಲ್ಲಾ ಬಿಟ್ಟವರು ಅವರಲ್ಲಿದ್ದರು. ಇಂಥವರಿಗೆ ಬಂಡೂರಾ ಧೈರ್ಯದ ಭಾಷಣ ಮಾಡಲಿಲ್ಲ. ಮೊದಲು ಇನ್ನೊಬ್ಬರು ಹಾವನ್ನು ಹಿಡಿಯೋದನ್ನು ದೂರದಿಂದ ನೋಡುವುದು. ಆಮೇಲೆ ಹಾವಿರುವ ಕೋಣೆಯೊಳಗೆ ಬರುವುದು. ಗ್ಲೌಸ್ ಹಾಕಿಕೊಂಡು ಮುಟ್ಟುವುದು. ಆಮೇಲೆ ಬರಿಗೈಯಲ್ಲಿ. ಕೊನೆಗೆ ತೊಡೆಯ ಮೇಲೆ ಹರಿದಾಡಲು ಬಿಡುವುದು. ಪ್ರತಿ ಹಂತದಲ್ಲೂ ಪಕ್ಕದಲ್ಲಿ ಒಬ್ಬರು ಇರುತ್ತಿದ್ದರು. ಬರೀ ಕೂತು ನೋಡಿದವರಿಗಿಂತ ಕೈಯಾರೆ ಮಾಡಿದವರಿಗೇ ಧೈರ್ಯ ಗಟ್ಟಿಯಾಯಿತು. ಮುಂದಿನ ಹಂತವನ್ನು ಮಾಡಬಲ್ಲೆ ಅಂತ ಅವರಿಗೆ ಎಷ್ಟು ನಂಬಿಕೆ ಇತ್ತೋ, ಬಹುಪಾಲು ಅಷ್ಟೇ ಮಾಡಿ ತೋರಿಸಿದರು.

ಈ ನಂಬಿಕೆಗೆ ನಾಲ್ಕು ಮೂಲ ಅಂದರು ಬಂಡೂರಾ. ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡಿದ್ದನ್ನು ನೋಡೋದು, ಬೇರೆಯವರ ಪ್ರೋತ್ಸಾಹ, ಮತ್ತು ಎದೆ ಡವಗುಟ್ಟುವಂಥ ಮೈಯ ಸೂಚನೆಗಳನ್ನು ನಾವು ಹೇಗೆ ಓದಿಕೊಳ್ಳುತ್ತೇವೆ ಅನ್ನೋದು. ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ‘ನಿನ್ನ ಕೈಲಿ ಆಗುತ್ತೆ, ಮಾಡು’ ಅನ್ನುವ ಪ್ರೇರಣಾ ಭಾಷಣಗಳು ದುರ್ಬಲ ಮೂಲಕ್ಕೆ ಸೇರಿದವು. ಟಿಕೆಟ್ ಮಾತ್ರ ದುಬಾರಿ.

ಹೊಗಳಿಕೆಯಲ್ಲೂ ವ್ಯತ್ಯಾಸ ಇದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟರು. ಮುಗಿದ ಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ಚೆನ್ನಾಗಿ ಶ್ರಮ ಹಾಕಿದ್ದೀಯ’ ಅಂದರು. ಆಮೇಲೆ ಎಲ್ಲರೂ ಸೋಲುವಂಥ ಕಷ್ಟದ ಲೆಕ್ಕ ಕೊಟ್ಟು, ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟರು. ‘ಬುದ್ಧಿವಂತ’ ಮಕ್ಕಳ ಅಂಕ ಮೊದಲಿಗಿಂತ ಇಳಿಯಿತು. ‘ಶ್ರಮ’ದ ಮಕ್ಕಳದು ಏರಿತು. ತಮ್ಮ ಅಂಕವನ್ನು ಬೇರೆ ಶಾಲೆಯ ಮಕ್ಕಳಿಗೆ ಬರೆದು ತಿಳಿಸಿ ಅಂದಾಗ ಸುಳ್ಳು ಬರೆದವರೂ ‘ಬುದ್ಧಿವಂತ’ರ ಗುಂಪಿನಲ್ಲೇ ಹೆಚ್ಚು. ‘ನಮ್ ಹುಡುಗ ಪುಸ್ತಕ ಮುಟ್ಟಲ್ಲ, ಆದ್ರೂ ಮಾರ್ಕ್ಸ್ ತೆಗೀತಾನೆ’ ಅಂತ ನೆಂಟರ ಮುಂದೆ ಹೇಳಿಕೊಳ್ಳುವ ಹೆಮ್ಮೆ, ಆ ಹುಡುಗನಿಗೆ ಪುಸ್ತಕ ಮುಟ್ಟದಿರಲು ಒಂದು ಕಾರಣವಾಗುತ್ತದೆ. ಹಾಗಂತ ಈ ಬಗೆಯ ಮಾತಿನಿಂದ ಪವಾಡವೂ ಆಗೋದಿಲ್ಲ. 2019ರಲ್ಲಿ ಅಮೆರಿಕದ ಸುಮಾರು 12,000 ಹೈಸ್ಕೂಲ್ ಮಕ್ಕಳಿಗೆ ‘ಬುದ್ಧಿ ಬೆಳೆಸಬಹುದು’ ಅನ್ನುವ ಪುಟ್ಟ ಪಾಠ ಮಾಡಿ ನೋಡಿದರು. ಹಿಂದುಳಿದ ಮಕ್ಕಳ ಗ್ರೇಡ್ ಏರಿತು, ಆದರೆ ಏರಿದ್ದು ತುಸುವೇ.

ನಾಲ್ಕು ಜನ ಏನಂತಾರೆ

ಶಿಸ್ತಿದೆ, ನಂಬಿಕೆಯೂ ಇದೆ, ಆದರೂ ಖುಷಿ ಇಲ್ಲ. ಯಾಕೆ? ಟೋರಿ ಹಿಗ್ಗಿನ್ಸ್ 1987ರಲ್ಲಿ ಕೊಟ್ಟ ಉತ್ತರ ನಮಗೆ ಹೇಳಿ ಮಾಡಿಸಿದಂತಿದೆ. ಪ್ರತಿಯೊಬ್ಬರ ತಲೆಯಲ್ಲೂ ಮೂರು ‘ನಾನು’ ಇರುತ್ತವೆ. ಈಗಿರುವ ನಾನು, ಆಗಬೇಕೆಂದು ಆಸೆಪಟ್ಟ ನಾನು, ಮತ್ತು ಆಗಲೇಬೇಕಾಗಿದ್ದ ನಾನು. ಆಸೆಪಟ್ಟದ್ದಕ್ಕೂ ಇರುವುದಕ್ಕೂ ಅಂತರ ಬಂದರೆ ಬೇಸರ, ನಿರಾಸೆ. ಆಗಲೇಬೇಕಿದ್ದದ್ದಕ್ಕೂ ಇರುವುದಕ್ಕೂ ಅಂತರ ಬಂದರೆ ಆತಂಕ, ತಪ್ಪಿತಸ್ಥ ಭಾವ.

ಸಂಗೀತ ಕಲಿಯಬೇಕಿತ್ತು, ಆಗಲಿಲ್ಲ ಅಂತ ಕೊರಗುವವರ ನೋವು ಮೊದಲನೆಯದು. ಮೂವತ್ತಾದರೂ ಸ್ವಂತ ಮನೆ ಮಾಡಲಿಲ್ಲವಲ್ಲ, ತಂಗಿ ಮದುವೆಗೆ ಹಣ ಕೂಡಿಡಲಿಲ್ಲವಲ್ಲ ಅಂತ ನಿದ್ದೆಗೆಡುವವರದು ಎರಡನೆಯದು. ಈ ಎರಡನೇ ಪಟ್ಟಿಯನ್ನು ಬಹಳ ಸಲ ನಾವು ಬರೆದಿರೋದಿಲ್ಲ. ಅಪ್ಪ, ದೊಡ್ಡಪ್ಪ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಸೇರಿ ಬರೆದಿರುತ್ತವೆ. ಸಂಬಳ ಏರಿದರೆ ಈ ಅಂತರ ಮುಚ್ಚುತ್ತದೆ ಅಂದುಕೊಳ್ಳುತ್ತೇವೆ. ಸಂಬಳದ ಜೊತೆ ಪಟ್ಟಿಯೂ ಉದ್ದ ಆಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಯಾವುದು ಯಾರದು ಅಂತ ಒಮ್ಮೆ ಕೂತು ಬೇರ್ಪಡಿಸೋದು, ಇನ್ನಷ್ಟು ದುಡಿಯೋದಕ್ಕಿಂತ ಒಳ್ಳೆ ಕೆಲಸ ಅಂತ ನನ್ನ ಅಭಿಪ್ರಾಯ.

ಆದರೆ ಸಂಬಂಧಗಳು ಬರೀ ಹೊರೆಯೂ ಅಲ್ಲ. ಎಡ್ ಡೀನರ್ ಮತ್ತು ಮರಿಸ್ಸಾ ಡೀನರ್ 1995ರಲ್ಲಿ 31 ದೇಶಗಳ ಕಾಲೇಜು ವಿದ್ಯಾರ್ಥಿಗಳನ್ನು ಹೋಲಿಸಿದರು. ಅಮೆರಿಕದಂಥ ದೇಶಗಳಲ್ಲಿ ತನ್ನ ಬಗ್ಗೆ ತನಗಿರುವ ಅಭಿಮಾನಕ್ಕೂ ಬದುಕಿನ ತೃಪ್ತಿಗೂ ಗಟ್ಟಿ ನಂಟು. ಕುಟುಂಬ, ಸಮುದಾಯಕ್ಕೆ ಹೆಚ್ಚು ತೂಕ ಇರುವ ದೇಶಗಳಲ್ಲಿ ಆ ನಂಟು ಸಡಿಲ. 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕೋಲ್ಕತ್ತದ್ದು. ರಾಬರ್ಟ್ ಬಿಸ್ವಾಸ್-ಡೀನರ್ ಅಲ್ಲಿನ ಕೊಳೆಗೇರಿಯವರು, ಫುಟ್‌ಪಾತ್‌ನಲ್ಲಿ ಬದುಕುವವರು, ಲೈಂಗಿಕ ಕಾರ್ಯಕರ್ತೆಯರು ಸೇರಿ 83 ಜನರನ್ನು ಮಾತಾಡಿಸಿದರು. ಒಟ್ಟಾರೆ ಬದುಕು ಹೇಗಿದೆ ಅಂದರೆ ಉತ್ತರ ಸ್ವಲ್ಪ ಅತೃಪ್ತಿಯ ಕಡೆಗೇ ವಾಲಿತ್ತು. ಆದರೆ ಕುಟುಂಬ, ಗೆಳೆಯರು, ತನ್ನ ನೀತಿನಡತೆ ಅಂತ ಒಂದೊಂದೇ ಬಿಡಿಸಿ ಕೇಳಿದಾಗ ತೃಪ್ತಿ ಕಂಡಿತು. ಬಡತನದಲ್ಲೂ ಸುಖ ಇದೆ ಅಂತ ಇದನ್ನು ಓದಬಾರದು. ಹಸಿವು, ಸೂರು, ಔಷಧಿ ಇಲ್ಲದಿರೋದನ್ನು ಯಾವ ಸ್ವಭಾವವೂ ಸರಿದೂಗಿಸೋದಿಲ್ಲ. ಅಲ್ಲೂ ಜನ ತಮ್ಮನ್ನು ಬರೀ ದುಡ್ಡಿನಲ್ಲಿ ಅಳೆದುಕೊಳ್ಳುತ್ತಿರಲಿಲ್ಲ ಅನ್ನೋದಷ್ಟೇ ಇದರಿಂದ ತಿಳಿಯೋದು.

ಇನ್ನೊಂದು ಪ್ರಶ್ನೆ ಉಳಿಯಿತು. ನಮ್ಮ ಬಗ್ಗೆ ನಾವು ಹಾಕುವ ಲೆಕ್ಕ ಎಷ್ಟು ಸರಿ? ಸಿಮಿನ್ ವಜೀರ್ 2010ರಲ್ಲಿ ಇದನ್ನು ನೋಡಿದರು. ಜನ ತಮಗೆ ತಾವೇ ಅಂಕ ಕೊಟ್ಟುಕೊಂಡರು, ಗೆಳೆಯರೂ ಅವರಿಗೆ ಅಂಕ ಕೊಟ್ಟರು, ಆಮೇಲೆ ಬುದ್ಧಿ, ಸೃಜನಶೀಲತೆ, ಗುಂಪಿನಲ್ಲಿ ನಡೆದುಕೊಳ್ಳುವ ರೀತಿ, ಆತಂಕ ಎಲ್ಲವನ್ನೂ ಪರೀಕ್ಷೆ ಮಾಡಿದರು. ಆತಂಕದ ವಿಷಯದಲ್ಲಿ ಸ್ವಂತ ಲೆಕ್ಕವೇ ಹೆಚ್ಚು ಸರಿ. ಒಳಗಿನ ಪುಕುಪುಕು ಹೊರಗಿನವರಿಗೆ ಕಾಣೋದಿಲ್ಲವಲ್ಲ. ಎಷ್ಟು ಬುದ್ಧಿವಂತರು, ಎಷ್ಟು ಸೃಜನಶೀಲರು ಅನ್ನೋದರಲ್ಲಿ ಮಾತ್ರ ಗೆಳೆಯರ ಅಂದಾಜೇ ವಾಸಿ. ಅಲ್ಲಿ ನಮ್ಮ ಅಹಂ ಅಡ್ಡ ಬರುತ್ತದೆ, ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಕೆಲಸ ಬದಲಿಸಲೋ ಬೇಡವೋ ಅಂತ ಯೋಚಿಸುತ್ತಿದ್ದರೆ, ‘ಅಲ್ಲಿ ನನಗೆ ಟೆನ್ಷನ್ ಆಗುತ್ತಾ’ ಅನ್ನೋದನ್ನು ನಿಮ್ಮನ್ನೇ ಕೇಳಿಕೊಳ್ಳಿ. ‘ಆ ಕೆಲಸ ನನಗೆ ಬರುತ್ತಾ’ ಅನ್ನೋದನ್ನು ನಿಮ್ಮ ಜೊತೆ ನಾಲ್ಕಾರು ವರ್ಷ ದುಡಿದ, ನಿಮ್ಮಿಂದ ಏನೂ ಆಗಬೇಕಿಲ್ಲದ ಒಬ್ಬರನ್ನು ಕೇಳಿ.